ಧರ್ಮೋಪದೇಶದ ಬೆಂಚಿನಲ್ಲಿ ಅತ್ತೆ

ಹಲಸೂರಿನ ನಮ್ಮ ಚರ್ಚಿನಲ್ಲಿ ಹದಿಮೂರು ವರ್ಷದಿಂದ ಮಕ್ಕಳಿಗೆ ಧರ್ಮೋಪದೇಶ ಹೇಳಿಕೊಡುತ್ತಿದ್ದೇನೆ. ಆದರೂ ಹತ್ತು ಆಜ್ಞೆಗಳನ್ನು ಪುಸ್ತಕ ನೋಡದೆ ಕ್ರಮವಾಗಿ ಹೇಳಲು ನನಗೆ ಬರುವುದಿಲ್ಲ. ಏಳನೆಯದರ ಹೊತ್ತಿಗೆ ಬೆರಳಿನ ಎಣಿಕೆ ತಪ್ಪುತ್ತದೆ. ಎಂಟು ವರ್ಷದ ಮಕ್ಕಳಿಂದ ಇದನ್ನು ಮುಚ್ಚಿಡುವುದು ಕಷ್ಟವೇನಲ್ಲ. 'ಎಲ್ಲರೂ ಒಟ್ಟಿಗೆ ಹೇಳಿ' ಎಂದರಾಯಿತು. ಅವರು ಹೇಳುತ್ತಾರೆ, ನಾನು ಗಂಭೀರವಾಗಿ ತಲೆಯಾಡಿಸುತ್ತೇನೆ. ಈ ಉಪಾಯ ಚೆನ್ನಾಗಿಯೇ ನಡೆಯುತ್ತಿತ್ತು, ಹೋದ ವರ್ಷ ನನ್ನ ಅತ್ತೆ ಅದೇ ತರಗತಿಗೆ ಬಂದು ಕುಳಿತುಕೊಳ್ಳುವವರೆಗೆ.

ಅತ್ತೆ ಆರೋಗ್ಯಮೇರಿಗೆ ಎಪ್ಪತ್ತನಾಲ್ಕು ವರ್ಷ. ಹುಟ್ಟಿ ಬೆಳೆದದ್ದು ಶಿವಾಜಿನಗರದಲ್ಲಿ. ಮನೆಮಾತು ತಮಿಳು, ಪ್ರಾರ್ಥನೆಯೂ ತಮಿಳು. ಆಟೋದವರೊಂದಿಗೆ ಜಗಳಕ್ಕೆ, ಪಕ್ಕದ ಮನೆಯವರೊಂದಿಗೆ ಹರಟೆಗೆ ಬೇಕಾದ ಕನ್ನಡ ಅವರಲ್ಲಿ ಧಾರಾಳವಾಗಿದೆ. ಆದರೆ ಪ್ರಾರ್ಥನೆಯ ಕನ್ನಡವೇ ಬೇರೆ. ಅಲ್ಲಿ ಯಾರೂ 'ಕೊಡು' ಎನ್ನುವುದಿಲ್ಲ, 'ದಯಪಾಲಿಸು' ಎನ್ನುತ್ತಾರೆ. ಹುಟ್ಟುಕನ್ನಡತಿಯಾದ ನಾನೂ ಆ ಭಾಷೆಯನ್ನು ಮೊಣಕಾಲೂರಿದಾಗ ಮಾತ್ರ ಆಡುವುದು.

ಸಂಜೆ ಜಪಸರ ಹೇಳುವಾಗ ಅತ್ತೆ ತಮ್ಮ ಅರ್ಧವನ್ನು ತಮಿಳಿನಲ್ಲಿ ಹೇಳುತ್ತಿದ್ದರು, ಮೂರನೇ ಕ್ಲಾಸಿನ ನನ್ನ ಮಗಳು ಜೆನ್ನಿ ಉಳಿದರ್ಧವನ್ನು ಕನ್ನಡದಲ್ಲಿ. ಒಂದು ದಿನ ಅವಳು ನಡುವೆಯೇ ನಿಲ್ಲಿಸಿ, "ಪಾಟಿ, ನೀವು ಹೇಳೋದು ದೇವರಿಗೆ ಅರ್ಥ ಆಗುತ್ತೆ. ನನಗೆ ಆಗಲ್ಲ," ಅಂದಳು.

ಆ ರಾತ್ರಿ ಅಜ್ಜಿ ಊಟವನ್ನು ಸರಿಯಾಗಿ ಮಾಡಲಿಲ್ಲ. ಭಾನುವಾರ ಮಾತ್ರ ಇಸ್ತ್ರಿ ಮಾಡಿದ ಸೀರೆಯುಟ್ಟು, ಹೊಸ ನೋಟ್‌ಬುಕ್ ಹಿಡಿದು, ಜೆನ್ನಿಯ ಪಕ್ಕದಲ್ಲಿ ಮೊದಲ ಬೆಂಚಿನಲ್ಲಿ ಕುಳಿತಿದ್ದರು.

"ಏನತ್ತೆ ಇದು?" ಎಂದು ಪಿಸುಗುಟ್ಟಿದೆ.

"ಮನೇಲಿ ಅತ್ತೆ. ಇಲ್ಲಿ ನೀನು ಪಾಠ ಮಾಡು ಮಾ," ಅಂದರು.

ಪಾಠ ಮಾಡಿದೆ. ಮನೆಯಲ್ಲಿ ಹದಿನಾಲ್ಕು ವರ್ಷದಿಂದ ನನ್ನ ಸಾರಿಗೆ ಉಪ್ಪು ಹೆಚ್ಚೋ ಕಮ್ಮಿಯೋ ಎಂದು ತೀರ್ಪು ಕೊಡುತ್ತಿದ್ದವರಿಗೆ ನಾನು ಪವಿತ್ರಾತ್ಮರ ವರಗಳನ್ನು ವಿವರಿಸಿದೆ. ತಾಳ್ಮೆ ಆ ಪಟ್ಟಿಯಲ್ಲಿಲ್ಲ ಎಂಬುದು ಆಗಲೇ ನನ್ನ ಗಮನಕ್ಕೆ ಬಂದದ್ದು. ಪಾಪ ಎಂದರೇನೆಂದು ಹೇಳುವ ದಿನ ಅತ್ತೆ ಕೈ ಎತ್ತಿದರು.

"ಟೀಚರ್, ಒಬ್ರು ತಪಸ್ಸುಕಾಲದ ಶುಕ್ರವಾರ, ಮಾಂಸ ತಿನ್ಬಾರ್ದ ದಿನ, ಕಬಾಬ್ ತಿಂದ್ಬಿಟ್ಟು, ಶುಕ್ರವಾರ ಅಂತ ಮರ್ತೋಯ್ತು ಅಂತಾರೆ. ಅದು ಪಾಪಾನಾ?"

"ನಿಜವಾಗಿ ಮರೆತಿದ್ದರೆ ಅಲ್ಲ," ಎಂದೆ, ಆದಷ್ಟು ಶಾಂತವಾಗಿ.

"ಮರೆತಿಲ್ದಿದ್ರೆ?"

"ಆಗ ಎರಡು ಪಾಪ," ಎಂದಳು ನನ್ನ ಸ್ವಂತ ಮಗಳು.

ಅತ್ತೆ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಮಕ್ಕಳು ಮೊದಲ ಸಲ ಪರಮಪ್ರಸಾದ ಸ್ವೀಕರಿಸುವ ಮುಂಚೆ ಫಾದರ್ ಬಂದು ಅವರ ಪರೀಕ್ಷೆ ಮಾಡುತ್ತಾರೆ. ಒಬ್ಬೊಬ್ಬರೇ ನಿಂತು, ನಾವು ನಂಬುವುದನ್ನೆಲ್ಲ ಸಾಲುಸಾಲಾಗಿ ಹೇಳುವ ವಿಶ್ವಾಸಸಂಗ್ರಹವನ್ನು ಒಪ್ಪಿಸಬೇಕು. ಎಲ್ಲರದೂ ಮುಗಿದ ಮೇಲೆ ಅತ್ತೆ ಎದ್ದು ನಿಂತರು.

"ನಿಮಗ್ಯಾಕಮ್ಮ ಪರೀಕ್ಷೆ? ಅರವತ್ತು ವರ್ಷದಿಂದ ಪರಮಪ್ರಸಾದ ತಗೊಳ್ತಿದ್ದೀರಿ," ಎಂದರು ಫಾದರ್.

"ಕನ್ನಡದಲ್ಲಿ ಯಾರೂ ಕೇಳಿಲ್ಲ ಫಾದರ್."

ಅವರು ಕೈಗಳನ್ನು ಇಳಿಬಿಟ್ಟುಕೊಂಡು ಶುರುಮಾಡಿದರು. ಸರಾಗವಾಗಿಯೇ ಬಂದಿತು. ಕೊನೆಯ ಸಾಲಿನಲ್ಲಿ ಶರೀರದ 'ಪುನರುತ್ಥಾನ' ಬರುತ್ತದೆ. ಮನೆಯಲ್ಲಿ ನೂರು ಸಲ ಹೇಳಿದರೂ ಅವರ ನಾಲಿಗೆ ಹೊರಳದ ಪದ ಅದು. ಅಲ್ಲಿಗೆ ಬಂದು ನಿಂತುಬಿಟ್ಟರು. ಜೆನ್ನಿ ತುಟಿ ಮುಂದೆ ಮಾಡಿ 'ಪು, ಪು' ಎಂದು ತೋರಿಸುತ್ತಿದ್ದಳು. ಅತ್ತೆ ಅವಳತ್ತ ನೋಡಲಿಲ್ಲ. ಹೇಗಾದರೂ ಹೇಳಿಬಿಡಲಪ್ಪಾ ಎಂದು ನಾನು ಎಂದೂ ಇಲ್ಲದ ಭಕ್ತಿಯಿಂದ ಬೇಡಿಕೊಂಡೆ.

"ಸತ್ತೋರು ಎದ್ದು ಬರ್ತಾರೆ," ಎಂದರು ಅತ್ತೆ ಕೊನೆಗೆ. "ನಮ್ಮ ಮನೆಯವ್ರೂ ಬರ್ತಾರೆ. ಅದನ್ನ ನಂಬ್ತೀನಿ. ಆಮೆನ್."

ಮಾವ ತೀರಿಕೊಂಡು ಆಗ ಒಂಬತ್ತು ವರ್ಷವಾಗಿತ್ತು. ಫಾದರ್ ತಮ್ಮ ಕನ್ನಡಕ ಒರೆಸಿಕೊಂಡರು. "ಪಾಸಮ್ಮ. ಎಲ್ಲರಿಗಿಂತ ಚೆನ್ನಾಗಿ ಪಾಸು," ಎಂದರು.

"ಪುಸ್ತಕದಲ್ಲಿ ಹಾಗಿಲ್ಲ ಫಾದರ್. ಆ ಮಾತು ನನಗೆ ಬರ್ಲಿಲ್ಲ. ಫೇಲ್ ಅಂತ ಬರೀರಿ."

"ಹಾಗಾದರೆ ಮುಂದಿನ ವರ್ಷ ಮತ್ತೆ ಇದೇ ಕ್ಲಾಸಲ್ಲಿ ಕೂರಬೇಕಾಗುತ್ತೆ."

"ಕೂತ್ಕೋತೀನಿ," ಎಂದು ಅವರು ಆಗಲೇ ಕುಳಿತೂಬಿಟ್ಟರು.

ಫಾದರ್ ನನ್ನ ಮುಖ ನೋಡಿದರು. ನಾನು ಕಿಟಕಿಯಾಚೆ ನೋಡಿದೆ. ಇನ್ನೊಂದು ವರ್ಷ!

ಈಗ ಮನೆಯಲ್ಲಿ ಅಜ್ಜಿ ಕನ್ನಡದಲ್ಲಿ ತಪ್ಪುತಪ್ಪಾಗಿ ಜಪ ಹೇಳುತ್ತಾರೆ. ಜೆನ್ನಿ, ಯಾರೂ ಹೇಳದಿದ್ದರೂ, ತಮಿಳು ಕಲಿಯಲು ಹೊರಟು ಅದಕ್ಕಿಂತ ಹೆಚ್ಚು ತಪ್ಪಾಗಿ ಉತ್ತರಿಸುತ್ತಾಳೆ. ಇಬ್ಬರೂ ಒಬ್ಬರನ್ನೊಬ್ಬರು ತಿದ್ದುತ್ತಾ ಅರ್ಧ ಗಂಟೆಯ ಜಪಸರವನ್ನು ಒಂದು ಗಂಟೆ ಮಾಡುತ್ತಾರೆ; ಅಡುಗೆಮನೆಯಲ್ಲಿ ನನ್ನ ಅನ್ನ ತಳ ಹಿಡಿಯುತ್ತದೆ.

ಚರ್ಚಿನ ಕತೆ ಎಂದಿನಂತೆಯೇ ಇದೆ. ಪರಮಪ್ರಸಾದದ ಫೋಟೋ ತೆಗೆಸಿಕೊಂಡ ಮೇಲೆ ಬಿಳಿ ಫ್ರಾಕು ಬೀರು ಸೇರುತ್ತದೆ, ಮಕ್ಕಳು ಟ್ಯೂಷನ್, ಈಜು, ಕರಾಟೆ ಎಂದು ಚದುರುತ್ತಾರೆ. ಮೊನ್ನೆ ಫಾದರ್ ಹತ್ತಿರ ಗೋಳು ಹೇಳಿಕೊಂಡೆ. "ನಾನು ಪಾಸು ಮಾಡಿದವರು ಕ್ರಿಸ್‌ಮಸ್ಸಿಗೆ ಮಾತ್ರ ಸಿಗ್ತಾರೆ ಫಾದರ್. ಫೇಲಾದವರೊಬ್ಬರೇ ಪ್ರತಿ ಭಾನುವಾರ ನನಗಿಂತ ಮುಂಚೆ ಬಂದು ಕೂತಿರ್ತಾರೆ."

"ಒಬ್ಬರೇ ಅಂತ ಯಾಕೆ ಹೇಳ್ತೀರಿ ಟೀಚರ್?" ಎಂದರು ಫಾದರ್. "ನೀವೂ ಹದಿಮೂರು ವರ್ಷದಿಂದ ಅದೇ ಕ್ಲಾಸಲ್ಲೇ ಇದ್ದೀರಲ್ಲ."