ಅತ್ತಿ ಸುಣ್ಣ ಹಚ್ಚಿದ ಮನೆ

"ಹೊಳಿ ದಂಡಿ ಮಂದಿ ಎತ್ತರದಾಗ ಜಾಗಾ ಕೊಟ್ಟರೂ ಹೋಗೂದಿಲ್ಲ. ಕೃಷ್ಣಾ ಬಿಟ್ಟರ ಅವರಿಗೆ ನಿದ್ದಿ ಬರೂದಿಲ್ಲ." ಅಥಣಿಯ ಚಹಾದಂಗಡಿಯಲ್ಲೂ ಇದೇ ಮಾತು, ಕಚೇರಿಗಳಲ್ಲೂ ಇದೇ ಮಾತು. ಕೇಳಲು ಹಿತವಾಗಿದೆ. ಆದರೆ ಜಾಗ ಕೊಟ್ಟದ್ದು ಯಾರಿಗೆ? ನನ್ನ ಸೋದರತ್ತಿಗಂತೂ ಅಲ್ಲ.

ಐನಾಪುರದಾಚೆ, ಹೊಳೆಗೆ ಅಂಟಿದ ಹಳ್ಳಿಯಲ್ಲಿ ಅವಳದೊಂದು ಮಣ್ಣಿನ ಮನೆ. ಮಾವ ತೀರಿದ ಮೇಲೆ ಅವಳು, ಒಂದು ಎಮ್ಮೆ, ಅಷ್ಟೇ. ಕೆಲವು ವರ್ಷಗಳ ಹಿಂದಿನ ಮಹಾಪೂರದಲ್ಲಿ ಇಬ್ಬರೂ ಉಗಾರದ ಶಾಲೆಯ ಕಾಳಜಿ ಕೇಂದ್ರ ಸೇರಿದರು. ಅವಳು ಒಳಗೆ, ಎಮ್ಮೆ ಅಂಗಳದಲ್ಲಿ. ನೀರಿಳಿದದ್ದೇ ತಡ, ಅತ್ತಿ ಮನೆಗೆ ಓಡಿದಳು. ನಮ್ಮ ಜೈನರ ದಶಲಕ್ಷಣ ಪರ್ವ ಹತ್ತಿರ ಬಂದಿತ್ತು. ಅಡುಗೆಮನೆ ಶುದ್ಧವಾಗದೆ ವ್ರತ ಹಿಡಿಯುವುದು ಹೇಗೆ? ರಾಡಿ ಹೊತ್ತು ಚೆಲ್ಲಿದಳು, ನೆಲ ಸಾರಿಸಿದಳು, ಗೋಡೆಗೆ ಸುಣ್ಣ ಹಚ್ಚಿದಳು. ಓಣಿಯ ಜೈನರ ಮನೆಗಳೆಲ್ಲ ಹೀಗೇ ಬೆಳ್ಳಗಾದವು.

ಆಮೇಲೆ ಹಾನಿಯ ಪಂಚನಾಮೆಗೆ ಬಂದವರು ಹೊಸ್ತಿಲಲ್ಲೇ ನಿಂತು, "ಮನಿ ಝಕಾಸ್ ಐತಲ್ರಿ, ಅವ್ವಾರ" ಎಂದರು. ಹಾನಿ ಇಲ್ಲ ಎಂದು ಬರೆದುಕೊಂಡು ಹೋದರು. ಹಾನಿ ಇಲ್ಲದವರಿಗೆ ಎತ್ತರದಲ್ಲಿ ನಿವೇಶನವೂ ಇಲ್ಲ. ಮುಂದಿನ ಪೂರ ಬಂದರೆ ಮತ್ತೆ ಅದೇ ಶಾಲೆಯೇ ಗತಿ.

ನಾನು ಅತ್ತಿಯನ್ನು ಕರೆದುಕೊಂಡು ಕಾಗವಾಡದ ತಹಶೀಲ್ದಾರರ ಕಚೇರಿಗೆ ಹೋದೆ. ಕಾಲೇಜಿನ ಚರ್ಚಾಸ್ಪರ್ಧೆಗಳ ಹುರುಪು ಇತ್ತಲ್ಲ.

"ಸಾಹೇಬ್ರ, ಆಣೆಕಟ್ಟಿನ ನೀರಾಗ ಮುಳುಗಿದವರಿಗೆ ಜಾಗಾ ಕೊಡೂ ಕಾನೂನು ಐತಿ. ಹೊಳಿ ಏರಿ ಬಂತಂತ ಓಡಿದವರಿಗೆ ಬರೇ ದಯಾ ಏನ್ರಿ? ಮನಿ ಬಿಟ್ಟು ಓಡಿದ್ದು ಹಾನಿ ಅಲ್ಲಾ?"

ಅತ್ತಿ ನನ್ನ ತೋಳು ಚಿವುಟಿದಳು. "ಸಾಕ ಬಿಡ ಬೇ! ಸಾಹೇಬ್ರ, ಇಕೀಗೆ ಬಾಯಿ ಜಾಸ್ತಿ. ನೋಡಾಕ ಬಂದ ವರನ ಜೋಡೀನೂ ವಾದಾ ಮಾಡ್ಯಾಳ."

ಸಾಹೇಬರು ನಕ್ಕರು. ನನ್ನ ವಾದಕ್ಕೋ ಅವಳ ಮಾತಿಗೋ, ಮರುದಿನ ತಾವೇ ಬಂದರು. ಅಡುಗೆಮನೆಗೆ ಹೋಗಿ ತಲೆಯೆತ್ತಿದರು. ಸುಣ್ಣ ಮುಗಿದಲ್ಲಿಂದ ಮೇಲೆ, ಗೋಡೆಯುದ್ದಕ್ಕೂ ರಾಡಿಯ ಕಂದು ಕಲೆ.

"ಅದನ್ಯಾಕ ಬಿಟ್ರಿ?"

"ಕೈ ನಿಲುಕಲಿಲ್ರಿ."

ಅವರು ಬಿಳಿ ಗೋಡೆಯನ್ನು ಹೆಬ್ಬೆರಳಿನಿಂದ ಒತ್ತಿದರು. ಹಸಿ ಮಣ್ಣು ಹೆಂಟೆಯಾಗಿ ಕಳಚಿ ಒಲೆಯ ಮೇಲೆ ಬಿತ್ತು. "ಈ ಗ್ವಾಡಿ ಬುಡಕ ಅಡಗಿ ಮಾಡಾಕತ್ತೀರಿ?" ಎಂದವರೇ, ಸುಣ್ಣ ಹಚ್ಚಿದ ಮನೆಗಳನ್ನೆಲ್ಲ ಒಳಹೊಕ್ಕು ಮತ್ತೆ ನೋಡಲು ಪಂಚನಾಮೆಯವರಿಗೆ ಹೇಳಿದರು.

ನಿವೇಶನ ಅತ್ತಿಯ ಹೆಸರಿಗೇ ಬಂತು. "ಎಮ್ಮಿಗೂ ಜಾಗಾ ಸಾಲತೈತಲ್ಲ?" ಎಂಬುದೊಂದೇ ಅವಳ ಚಿಂತೆ. ಈಗ ಅಲ್ಲಿ ಎರಡು ಕೋಣೆ ಎದ್ದಿವೆ. ಕೊಯ್ನಾ ಆಣೆಕಟ್ಟಿನಿಂದ ನೀರು ಬಿಟ್ಟರು ಎಂಬ ಸುದ್ದಿ ಬಂದರೂ ನಾನು ಗಾಬರಿಯಿಂದ ಫೋನು ಹಚ್ಚುವುದಿಲ್ಲ. ನಿರಾಳವಾಗಿ ಮಲಗುತ್ತೇನೆ.

ಆದರೂ ಹಕ್ಕುಪತ್ರ ಕೊಟ್ಟ ದಿನ, ಜೀಪು ಹತ್ತುತ್ತಿದ್ದ ಸಾಹೇಬರಿಗೆ ಕೈಮುಗಿದು ಕೇಳಿಯೇಬಿಟ್ಟೆ: "ನೀವು ಒಳ್ಳೇವ್ರು, ಒಳಗ ಬಂದು ನೋಡಿದ್ರಿ. ನಾಳೆ ನಿಮ್ಮ ಕುರ್ಚಿಗೆ ಬರೋರು ಹೊರಗ ನಿಂತು ಹೊಂಟ್ರ, ಅವರನ್ನ ಒಳಗ ಕರಕೊಂಡು ಬರೂ ಕಾನೂನು ಯಾವುದ್ರಿ?"