ಎರಡು ವರ್ಷದ ಮೊಬೈಲು

ನನ್ನ ಮೊಬೈಲಿಗೆ ಇತ್ತೀಚೆಗೆ ಮೂರ್ಛೆ ಬರುತ್ತಿದೆ. ಕುವೈತಿನ ಜೂನ್ ತಿಂಗಳಿನಲ್ಲಿ ಬಸ್ಸಿಗಾಗಿ ತುಸು ಹೊತ್ತು ಹೊರಗೆ ನಿಂತರೆ ಸಾಕು, ತಾನು ತಣ್ಣಗಾಗುವವರೆಗೆ ಯಾವ ಸೇವೆಯನ್ನೂ ಒದಗಿಸಲಾರೆನೆಂಬ ವಿನಯಪೂರ್ವಕ ಪ್ರಕಟಣೆಯೊಂದನ್ನು ತೋರಿಸಿ ಅದು ಕಣ್ಣು ಮುಚ್ಚಿಬಿಡುತ್ತದೆ. ಮೊದಮೊದಲು ಸಿಟ್ಟು ಬರುತ್ತಿತ್ತು. ಈಗ ಬರುವುದು ಅಸೂಯೆ. ಶುವೈಖ್‌ನ ಗೋದಾಮೊಂದರ ಕಚೇರಿಯಲ್ಲಿ ವಾಹನಗಳ ಬಿಡಿಭಾಗಗಳ ಆಗಮನ ನಿರ್ಗಮನಗಳನ್ನು ದಿನವಿಡೀ ಕಂಪ್ಯೂಟರಿಗೆ ಉಣಿಸಿ, ಸಂಜೆ ಮೈದಾನ್ ಹವಲ್ಲಿಯ ಬಸ್ಸಿಗೆ ಕಾಯುವಾಗ, ಅಂಥದೊಂದು ಪ್ರಕಟಣೆ ನನ್ನ ಹಣೆಯ ಮೇಲೂ ತಾನಾಗಿ ಮೂಡುವಂತಿದ್ದರೆ ಎಷ್ಟು ಚೆನ್ನಾಗಿತ್ತೆಂದು ಅನಿಸುತ್ತದೆ. ಯಂತ್ರಗಳಿಗೆ ಸಲ್ಲುವ ಮರ್ಯಾದೆ ಪದವೀಧರರಿಗೆ ಸಲ್ಲುವುದಿಲ್ಲ.

ಹೊಸದು ಕೊಳ್ಳಬಹುದಲ್ಲ ಎಂದು ನೀವು ಕೇಳುತ್ತೀರಿ. ಅದಕ್ಕೆ ನಮ್ಮ ಕಟ್ಟಡದ ಒಂದು ಅಲಿಖಿತ ಶಾಸ್ತ್ರವನ್ನು ನಿಮಗೆ ವಿವರಿಸಬೇಕು. ಇಲ್ಲಿ ಇಕಾಮಾ ಮುಗಿಯಲಿರುವ ವರ್ಷದಲ್ಲಿ, ಅಂದರೆ ವಾಸದ ಪರವಾನಗಿ ಕೊನೆಗೊಳ್ಳುವ ವರ್ಷದಲ್ಲಿ, ಯಾರೂ ದೊಡ್ಡ ಸಾಮಾನು ಕೊಳ್ಳುವುದಿಲ್ಲ. ಲಿಫ್ಟಿನಲ್ಲಿ ಹೊಸ ಸೋಫಾ ಮೇಲೇರಿತೆಂದರೆ ಆ ಮನೆಯ ಯಜಮಾನನಿಗೆ ನವೀಕರಣವಾಯಿತೆಂದು ಅರ್ಥ. ಹರಿದ ಪರದೆಗೆ ಯಾರಾದರೂ ಪಿನ್ನು ಚುಚ್ಚುತ್ತಿದ್ದರೆ ಅವರನ್ನು ಏನೂ ಕೇಳಬಾರದೆಂದು ಅರ್ಥ. ನನ್ನ ಇಕಾಮಾ ಸೆಪ್ಟೆಂಬರಿಗೆ ಮುಗಿಯುತ್ತದೆ. ನಮ್ಮ ಕಚೇರಿಯಲ್ಲಿ ಇಬ್ಬರಿಗೆ ಈಗಾಗಲೇ ನವೀಕರಣವಿಲ್ಲವೆಂದು ಹೇಳಿಯಾಗಿದೆ. ನನ್ನದು ಏನಾಯಿತೆಂದು ನಾನು ಕೇಳಿರಲಿಲ್ಲ. ಕೇಳದಿರುವವರೆಗೆ ಇಲ್ಲವೆನ್ನಿಸಿಕೊಳ್ಳುವ ಪ್ರಸಂಗವೂ ಬಾರದಲ್ಲ!

ಹಿಂತಿರುಗಿದರೆ ಧಾರವಾಡದಲ್ಲಿ ನನಗಾಗಿ ಉಪವಾಸವೇನೂ ಕಾದಿಲ್ಲ, ಕಾದಿರುವುದು ಪ್ರಶ್ನೆಗಳು. ಅಲ್ಲಿ ನನ್ನನ್ನು ಪ್ರೀತಿಸುವವರು ಬಹಳ, ಒಳಗಿನಿಂದ ಚಿಲಕ ಹಾಕಿಕೊಳ್ಳಬಹುದಾದ ಕೋಣೆಗಳು ಕಡಿಮೆ. ಇಲ್ಲಿ ನಮ್ಮ ಕಡೆಯವರೇ ಆದ, ಸಂಬಂಧವಿಲ್ಲದಿದ್ದರೂ ನಾನು ಅತ್ತಿಗೆಯೆಂಬಂತೆ ವೈನಿ ಎಂದು ಕರೆಯುವ ವೀಣಾ ವೈನಿಯ ಫ್ಲ್ಯಾಟಿನಲ್ಲಿ ನನಗೊಂದು ಬಾಡಿಗೆ ಕೋಣೆಯಿದೆ. ಕಿಟಕಿಯಾಚೆ ಎದುರು ಕಟ್ಟಡದ ಏಸಿಗಳ ಬೆನ್ನುಗಳಲ್ಲದೆ ಬೇರೇನೂ ಕಾಣದು. ಆದರೆ ಬಾಗಿಲು ನನ್ನದು. ಅದನ್ನು ಹಾಕಿಕೊಂಡು ಗೋಡೆಗೊರಗಿ ಸುಮ್ಮನೆ ಕುಳಿತರೆ ಯಾಕೆ ಸುಮ್ಮನಿದ್ದೀ ಎಂದು ಯಾರೂ ಕೇಳುವುದಿಲ್ಲ. ಸೆಪ್ಟೆಂಬರಿನಲ್ಲಿ ನಾನು ಕಳೆದುಕೊಳ್ಳಬಹುದಾದದ್ದು ನೌಕರಿಗಿಂತ ಹೆಚ್ಚಾಗಿ ಆ ಬಾಗಿಲನ್ನು.

ಕೊನೆಗೆ ಮೊಬೈಲು ಮಧ್ಯಾಹ್ನದ ಬಿಸಿಲಿನಲ್ಲಿ ಟ್ಯಾಕ್ಸಿ ಕರೆಯುವಾಗಲೇ ಮೂರ್ಛೆ ಹೋಗಿ, ನಾನೂ ಅದೇ ಹಾದಿ ಹಿಡಿಯುವಂತಾದ ಮೇಲೆ ವೈನಿ ವಿಷಯವನ್ನು ತಮ್ಮ ಕೈಗೆ ತೆಗೆದುಕೊಂಡರು. ಅವರ ಗಂಡ ಇಲ್ಲಿ ಎಲೆಕ್ಟ್ರಿಕಲ್ ತಂತ್ರಜ್ಞರು. ವೈನಿ ಚೌಕಾಸಿಯ ತಂತ್ರಜ್ಞೆ. ಮೊಬೈಲ್ ಕಂಪನಿಯವರು ತಮ್ಮ ಸಿಮ್ಮಿನ ಜೊತೆಗೆ ಕಂತಿನಲ್ಲಿ ಫೋನು ಕೊಡುತ್ತಾರೆಂಬ ಜಾಹೀರಾತನ್ನು ನೋಡಿದ್ದರು.

“ನಿನಗ ಬಾಯಿಲ್ಲ, ನಾ ಬರ್ತೀನಿ ನಡಿ. ರೇಟ್ ಕೇಳೂದು, ನಗೂದು, ಎದ್ದು ಹೊಂಟಬಿಡೂದು. ಹಿಂದಿಂದ ಕರೀತಾರ. ಹೊಳ್ಳಿ ಮಾತ್ರ ನೋಡಬ್ಯಾಡ.”

ಕಂಪನಿಯ ಮಳಿಗೆ ಔಷಧಾಲಯದಷ್ಟು ಬಿಳಿಯಾಗಿ, ತಣ್ಣಗೆ ಇತ್ತು. ಟೋಕನ್ ಪಡೆದು ಬಹಳ ಹೊತ್ತು ಕಾದ ನಂತರ ನಮಗೊದಗಿದ ಯುವಕನ ಹೆಸರು ವಿಲ್ಸನ್. ನಮ್ಮಿಬ್ಬರ ಪಿಸುಮಾತು ಕೇಳಿಸಿಕೊಂಡು, ಇಂಗ್ಲಿಷನ್ನು ಬದಿಗಿಟ್ಟು, “ನೀವು ಕರ್ನಾಟಕದವರಾ? ನಾನು ಮಂಗಳೂರು ಮಾರ್ರೆ” ಎಂದ. ಗೆದ್ದೆವು ಎನ್ನುವಂತೆ ವೈನಿ ಮೇಜಿನ ಕೆಳಗೆ ನನ್ನ ಕಾಲು ತುಳಿದರು. ಆತ ಬೆಲೆ ಹೇಳಿದ. ವೈನಿ ನಕ್ಕರು.

“ಅಲ್ಲೋ ತಮ್ಮಾ, ನಮ್ಮವನಾಗಿ ಹಿಂಗ ಮಾಡ್ತೀಯೇನು?”

“ಎಂತ ಮಾಡುದು ಅಕ್ಕ, ರೇಟು ಸಿಸ್ಟಮ್‌ದು. ನಾನು ಕೊಂಕಣಿಯಲ್ಲಿ ಅತ್ರೂ ಅದು ಕೇಳುದಿಲ್ಲ.”

“ಕನ್ನಡದಾಗ ಅಳು, ಕೇಳ್ತದ” ಎಂದ ವೈನಿ ಗಂಭೀರವಾಗಿ ಎದ್ದು, ನನ್ನ ಮೊಣಕೈ ಹಿಡಿದು ಬಾಗಿಲಿನತ್ತ ನಡೆದರು.

ನಾವು ಹೊಳ್ಳಿ ನೋಡಲಿಲ್ಲ. ಹಿಂದಿನಿಂದ ಕರೆ ಬಂದದ್ದೇನೋ ನಿಜ. ಆದರೆ ಅದು ಮುಂದಿನ ಟೋಕನ್ನಿನ ಸಂಖ್ಯೆಯನ್ನು ಉಚ್ಚರಿಸುವ ಯಂತ್ರಕನ್ಯೆಯ ಕರೆಯಾಗಿತ್ತು. ಗಾಜಿನ ಬಾಗಿಲಾಚೆ, ಒಲೆಯ ಬಾಯಿಯಂಥ ಬಿಸಿಗಾಳಿಯಲ್ಲಿ, ಪಕ್ಕದ ಅಂಗಡಿಯ ಜ್ಯೂಸುಗಳ ಹೆಸರುಗಳನ್ನು ಅತ್ಯಂತ ಆಸಕ್ತಿಯಿಂದ ಓದುವವರಂತೆ ನಟಿಸುತ್ತ ನಿಂತೆವು. ನಮ್ಮ ಖಾಲಿ ಕುರ್ಚಿಗಳಲ್ಲಿ ಅಷ್ಟರಲ್ಲಿ ತುಂಬು ಸಂಸಾರವೊಂದು ಸ್ಥಾಪಿತವಾಗಿತ್ತು. ತರಕಾರಿ ಸಂತೆಯಲ್ಲಿ, ಬಟ್ಟೆ ಅಂಗಡಿಯಲ್ಲಿ ಎಂದೂ ಸೋಲದ ವೈನಿಯ ತಂತ್ರಕ್ಕೆ ಒಬ್ಬ ಮನುಷ್ಯ ಬೇಕು, ಗಿರಾಕಿ ಕೈತಪ್ಪುತ್ತಾಳೆಂದು ಅವನ ಎದೆ ಒಂದು ಕ್ಷಣ ಧಸಕ್ಕೆನ್ನಬೇಕು. ಸಿಸ್ಟಮ್ಮಿಗೆ ಎದೆ ಎಲ್ಲಿಂದ ಬರಬೇಕು? ನಾವು ಮರಳಿ ಒಳಹೊಕ್ಕು, ಹೊಸ ಟೋಕನ್ ತೆಗೆದುಕೊಂಡು, ಅದೇ ವಿಲ್ಸನ್ನನ ಮುಂದೆ ಹೋಗಿ ಕುಳಿತಾಗ ಆತ ನಗಲಿಲ್ಲ. ಆ ಉಪಕಾರವನ್ನು ನಾನು ಮರೆಯಲಾರೆ.

“ಜ್ಯೂಸ್ ಕುಡೀಲಿಕ್ಕೆ ಹೋದದ್ದು ಅಂತ ಎಣಿಸಿದೆ” ಎಂದಷ್ಟೇ ಹೇಳಿ, ದನಿ ತಗ್ಗಿಸಿ, “ನೋಡಿ, ಎರಡು ವರ್ಷದ ಪ್ಲಾನ್ ತಗೊಂಡ್ರೆ ಒಳ್ಳೆ ಆಫರ್ ಉಂಟು” ಎಂದು ಹೊಸ ಬೆಲೆಯನ್ನು ಪರದೆಯ ಮೇಲೆ ತೋರಿಸಿದ. ನಿಜಕ್ಕೂ ಬಹಳ ಇಳಿದಿತ್ತು. ವೈನಿ ಅದರ ಮೇಲೆ ಒಂದು ಕವರನ್ನೂ ಒಂದು ಚಾರ್ಜರನ್ನೂ ವಸೂಲು ಮಾಡಿ ತಮ್ಮ ಮಾನವನ್ನು ಅಷ್ಟರಮಟ್ಟಿಗೆ ಮರಳಿ ಪಡೆದರು. ಆತ ನನ್ನ ಗುರುತಿನ ಚೀಟಿ ಕೇಳಿದ. ನೋಡಿದ. ಮತ್ತೊಮ್ಮೆ ನೋಡಿದ.

“ಇದು ಸೆಪ್ಟೆಂಬರಿಗೆ ಮುಗೀತದಲ್ಲ ಅಕ್ಕ. ರಿನ್ಯೂ ಆಗದೆ ಎರಡು ವರ್ಷದ್ದು ಆಗುದಿಲ್ಲ. ರಿನ್ಯೂ ಮಾಡ್ತಾರಲ್ಲ, ಕಂಪನಿಯವ್ರು?”

ಎಷ್ಟು ಸಹಜವಾಗಿ ಕೇಳಿಬಿಟ್ಟ! ಮನೆಯವರು ಕೇಳಲು ಅಂಜಿದ್ದ, ಒಂದೇ ಅಡುಗೆಮನೆ ಬಳಸುವ ವೈನಿ ಕೂಡ ಕೇಳದೆ ಬಿಟ್ಟಿದ್ದ ಪ್ರಶ್ನೆ ಅದು. ಯಾವಾಗಲೂ ಮಾತು ತುಂಬಿರುವ ವೈನಿ ಏಕಾಏಕಿ ಚಾರ್ಜರಿನ ಡಬ್ಬಿಯ ಮೇಲಿನ ಸಣ್ಣ ಅಕ್ಷರಗಳನ್ನು ಓದತೊಡಗಿದರು. “ಕೇಳಬೇಕು” ಎಂದೆ. ಬರಿಗೈಯಲ್ಲಿ ಮನೆಗೆ ಮರಳುವ ದಾರಿಯಲ್ಲಿ ವೈನಿ, “ಅವರನ್ನ ಕೇಳ್ವಾ. ಇಲ್ಲಾಂದ್ರ ಇಲ್ಲಾಂತಾರ. ಕೇಳದನ ದಿನಾ ನೀ ಎಷ್ಟ ಸಲ ಇಲ್ಲಾ ಅನಿಸ್ಕೋತೀ?” ಎಂದರು.

ಇಲ್ಲಿ ಕೆಲಸದ ವಾರ ಶುರುವಾಗುವ ಭಾನುವಾರ, ಕಚೇರಿ ತೆರೆಯುತ್ತಲೇ ಅಬು ಹಾನಿಯ ಮೇಜಿನ ಮುಂದೆ ನಿಂತೆ. ಆತ ನಮ್ಮ ಕಂಪನಿಯ ಮಂದೂಬ್. ನಮ್ಮೆಲ್ಲರ ಕಾಗದಪತ್ರ ಹೊತ್ತು ಸರ್ಕಾರಿ ಕಚೇರಿಗಳನ್ನು ಸುತ್ತುವ, ದೊಡ್ಡ ಹೊಟ್ಟೆಯ, ದೊಡ್ಡ ದನಿಯ ಈಜಿಪ್ಟಿನ ಮನುಷ್ಯ. ಕಚೇರಿಗೆ ಸೇರಿದಾಗಿನಿಂದ ನಾನು ಆತನಿಗೆ ಹೇಳಿದ್ದು ನಮಸ್ಕಾರವೊಂದೇ. ನನ್ನ ಪ್ರಶ್ನೆ ಕೇಳಿ ಆತ ಚಹಾದ ಲೋಟ ಕೆಳಗಿಟ್ಟ. ಮ್ಯಾನೇಜರು ಎಂದೋ ಒಪ್ಪಿದ್ದಾರೆ, ಒಂದು ವರ್ಷಕ್ಕೆ ಬರೆದಿಟ್ಟಿದ್ದೇನೆ, ನಾಳೆ ಕಳಿಸುತ್ತೇನೆ ಎಂದು, ಹವಾಮಾನದ ವರದಿ ಓದುವವನ ಧಾಟಿಯಲ್ಲಿ, ಹಿಂದಿ ಅರಬ್ಬಿ ಬೆರೆಸಿ ಹೇಳಿದ.

ಇಷ್ಟು ತಿಂಗಳು ನಿದ್ದೆಗೆಟ್ಟ ನನಗೆ ಸಂತೋಷವಾಗಬೇಕಿತ್ತು. ಆದದ್ದು ಆಯಾಸ. ಕೂಡಲೇ ಎಲ್ಲಿಂದಲೋ ವೈನಿಯ ವಿದ್ಯೆ ನನ್ನ ಬಾಯಿಗೆ ಬಂದು, “ಒಂದು ಸಾಲದು. ಎರಡು” ಎಂದುಬಿಟ್ಟೆ.

“ಸನತೈನ್?” ಎಂದ ಆತ, ಎರಡು ಬೆರಳೆತ್ತಿ. “ಲೇಶ್?”

ಯಾಕೆ ಎಂಬುದಕ್ಕೆ ನಿಜವಾದ ಉತ್ತರ ಒಂದು ಬಾಗಿಲು ಮತ್ತು ಅದರ ಚಿಲಕ. ಅದನ್ನು ಹೇಳುವ ಭಾಷೆ ನಮ್ಮಿಬ್ಬರ ನಡುವೆ ಇರಲಿಲ್ಲ. ಇದ್ದಿದ್ದರೂ ನಾನು ಹೇಳುತ್ತಿರಲಿಲ್ಲ. “ಮೊಬೈಲ್” ಎಂದೆ. ಅಬು ಹಾನಿ ಕುರ್ಚಿ ಕಿರುಗುಟ್ಟುವಂತೆ ನಕ್ಕ. ಎರಡು ಬೇಕಿದ್ದರೆ ಮೊದಲೇ ಹೇಳಬಾರದೇ, ಕೇಳದವರಿಗೆಲ್ಲ ನಾನು ಒಂದೇ ಬರೆಯುವುದು ಎಂದು ನಗುತ್ತಲೇ ಕಾಗದ ಎತ್ತಿಕೊಂಡು ಮ್ಯಾನೇಜರ ಕೋಣೆಗೆ ಹೋದ. ಹೊರಬಂದಾಗಲೂ ಅವನು ಎತ್ತಿ ಹಿಡಿದ ಬೆರಳುಗಳು ಎರಡೇ ಇದ್ದವು. “ಖಲಾಸ್” ಎಂದ, ಕೆಲಸವಾಯಿತೆನ್ನುವಂತೆ.

ಹೊಸ ಗುರುತಿನ ಚೀಟಿ ಕೈಸೇರಿದ ಸಂಜೆ ಒಬ್ಬಳೇ ವಿಲ್ಸನ್ನನ ಬಳಿ ಹೋದೆ. ಆತನ ಮುಖ ಬಾಡಿತು. ಆಫರ್ ಮುಗಿದುಹೋಗಿತ್ತು; ಬೆಲೆ ಮತ್ತೆ ಮೊದಲಿನ ಸಿಂಹಾಸನವನ್ನೇರಿ ಕುಳಿತಿತ್ತು. “ಸಾರಿ ಅಕ್ಕ. ಇನ್ನೊಂದು ಬರ್ತದೆ, ಆದ್ರೆ ಯಾವಾಗ ಅಂತ ಹೇಳ್ಲಿಕ್ಕಾಗುದಿಲ್ಲ.”

ನನಗೆ ಬೇಸರವಾಗಬೇಕಿತ್ತು. ಸೋಲಿನ ಎಲ್ಲ ಲಕ್ಷಣಗಳೂ ಅಲ್ಲಿದ್ದವು.

“ಬರಲಿ ಬಿಡ್ರಿ, ನಾ ಇಲ್ಲೇ ಇರ್ತೀನಿ” ಎಂದು ಹೇಳಿ ಎದ್ದೆ. ಮಾತು ಹೊರಬಿದ್ದ ಮೇಲೆಯೇ ಅದು ನನಗೆ ಕೇಳಿಸಿದ್ದು.