ವಿನಿಫ್ರೆಡ್ ಸಗ್ಡನ್‌ಳ ತುಟಿ

ವಿನಿಫ್ರೆಡ್ ಸಗ್ಡನ್ ಸಿಟ್ಟಿನ ಹೆಂಗಸು ಎಂಬುದು ಕ್ಲಫ್‌ಬಾಟಮ್ ಬಟ್ಟೆ ಗಿರಣಿಯಲ್ಲಿ ಎಲ್ಲರಿಗೂ ಗೊತ್ತಿತ್ತು. ಯಾಕೆ ಸಿಟ್ಟು ಎಂದು ಮಾತ್ರ ಯಾರೂ ಕೇಳುತ್ತಿರಲಿಲ್ಲ. ಮಗ್ಗಗಳ ಅಬ್ಬರದಲ್ಲಿ ಅಲ್ಲಿನ ಹೆಂಗಸರು ಎದುರಿನವರ ತುಟಿ ನೋಡಿಯೇ ಮಾತು ತಿಳಿದುಕೊಳ್ಳುತ್ತಿದ್ದರು. ವಿನಿ ಶೆಡ್ಡಿನ ಆ ತುದಿಯಲ್ಲಿ ನಿಂತು ಬೈದರೆ ಈ ತುದಿಯಲ್ಲಿದ್ದವಳ ಮುಖ ಕೆಂಪಾಗುತ್ತಿತ್ತು.

ಅವಳ ಅಪ್ಪ ಗಿರಣಿಯ ಬ್ಯಾಂಡಿನಲ್ಲಿ ಕಾರ್ನೆಟ್ ಎಂಬ ಹಿತ್ತಾಳೆಯ ತುತ್ತೂರಿ ಊದುತ್ತಿದ್ದ. ಅವನು ತೀರಿಕೊಂಡ ಮೇಲೆ ವಿನಿ ಜಗಳವಾಡಿಕೊಂಡೇ ಬ್ಯಾಂಡಿಗೆ ಸೇರಿದಳು. ಆ ಕಾಲದಲ್ಲಿ ಬ್ಯಾಂಡಿನ ಕೋಟನ್ನು ಹೆಂಗಸರ ಅಳತೆಗೆ ಹೊಲಿಸುವ ಪದ್ಧತಿಯೇ ಇರಲಿಲ್ಲ. ಅವಳಿಗೆ ಸಿಕ್ಕಿದ್ದು ಸೊಪ್ರಾನೊ ಕಾರ್ನೆಟ್. ಬ್ಯಾಂಡಿನಲ್ಲೆಲ್ಲ ಗಾತ್ರದಲ್ಲಿ ಚಿಕ್ಕದು, ದನಿಯಲ್ಲಿ ಎಲ್ಲರಿಗಿಂತ ಮೇಲಿನದು. ತಪ್ಪಿದರೆ ಊರಿಗೆಲ್ಲ ಕೇಳಿಸುತ್ತದೆ. ಅದಕ್ಕೇ ಗಂಡಸರು ಯಾರೂ ಅದರ ಗೊಡವೆಗೆ ಹೋಗಿರಲಿಲ್ಲ.

ಬ್ಯಾಂಡ್ ಮಾಸ್ಟರ್ ಹೋರೇಸ್ ಬಿನ್ಸ್‌ಗೆ ಮೇಲಿನ ಸ್ವರಕ್ಕೆ ಗೊತ್ತಿದ್ದ ಮದ್ದು ಒಂದೇ. "ಒತ್ತು ವಿನೀ, ಒತ್ತು! ತುಟಿಗೆ ಗಟ್ಟಿಯಾಗಿ ಒತ್ಕೊಂಡು ಊದು. ನೋವಾಗ್ದೆ ಸ್ವರ ಹತ್ತುತ್ತಾ?"

ವಿನಿ ಒತ್ತಿದಳು. ಮೌತ್‌ಪೀಸ್ ಮತ್ತು ಹಲ್ಲಿನ ನಡುವೆ ಸಿಕ್ಕಿ ತುಟಿಯ ಒಳಮೈ ಸೀಳಿತು. ಶುಕ್ರವಾರದ ಮೀನು-ಚಿಪ್ಸಿಗೆ ಚಿಮುಕಿಸಿದ ಹುಳಿ ವಿನೆಗರ್ ತಾಗಿದರೆ ಕಣ್ಣಲ್ಲಿ ನೀರು ಕಿತ್ತುಕೊಂಡು ಬರುತ್ತಿತ್ತು. ಗಾಯ ಮಾಯುವ ಮೊದಲೇ ಮತ್ತೆ ಅಭ್ಯಾಸ, ಮತ್ತೆ ಒತ್ತು. ಕೊನೆಗೆ ಮ್ಯಾಂಚೆಸ್ಟರಿನ ಸ್ಪರ್ಧೆಯಲ್ಲಿ, ತುಂಬಿದ ಸಭೆಯೆದುರು, ಎಲ್ಲಕ್ಕಿಂತ ಮೇಲಿನ ಸ್ವರ ಬರಬೇಕಾದ ಜಾಗದಲ್ಲಿ ಅವಳ ಕಾರ್ನೆಟ್ಟಿನಿಂದ ಬರೀ ಗಾಳಿ ಬಂತು.

ಮುಂದಿನ ಅಭ್ಯಾಸದ ದಿನ ಬಿನ್ಸ್ ಎಲ್ಲರೂ ಕೂತ ಮೇಲೆ ಬಾಯಿಬಿಟ್ಟ. "ಹೆಂಗಸರ ತುಟಿ ಮುತ್ತು ಕೊಡೋಕೆ ಸರಿ ಕಣ್ರಯ್ಯ. ಸೊಪ್ರಾನೊಗಲ್ಲ." ಬ್ಯಾಂಡ್ ಇಡೀ ಘೊಳ್ಳೆಂದು ನಕ್ಕಿತು. ಸೊಪ್ರಾನೊ ಅವನ ತಂಗಿಯ ಮಗ ಡೆಸ್ಮಂಡ್‌ನ ಕೈ ಸೇರಿತು. ವಿನಿಯನ್ನು ಸಾಧಾರಣ ಕಾರ್ನೆಟ್‌ಗಳ ಹಿಂದಿನ ಸಾಲಿಗೆ ತಳ್ಳಿದರು.

ಮೈಯೆಲ್ಲ ಉರಿಯುತ್ತಿದ್ದ ವಿನಿ ಅಲ್ಲಿಂದ ನೇರ ಹೋದದ್ದು ಏಡಾ ಟಾರ್ಡಾಫ್‌ಳ ಮನೆಗೆ. ಏಡಾ ಕ್ರೈಸ್ತ ಧರ್ಮ ಸಾರುವ ಸಾಲ್ವೇಶನ್ ಆರ್ಮಿಯ ಬ್ಯಾಂಡಿನಲ್ಲಿ ಬೀದಿ ಬೀದಿ ಕಾರ್ನೆಟ್ ಊದಿ ಮುದುಕಿಯಾದವಳು.

"ಬಾಯಿ ತೆಗಿ," ಎಂದು ಏಡಾ ದೀಪದ ಕೆಳಗೆ ಅವಳ ತುಟಿ ಮಗುಚಿ ನೋಡಿದಳು. "ಅಯ್ಯೋ ನಿನ್ನ! ಇದೇನು ತುಟಿಯೋ, ಕಟುಕನ ಅಂಗಡಿ ಹಲಗೆಯೋ? ಇದು ಮಾಯೋವರೆಗೂ ಕಾರ್ನೆಟ್ ಮುಟ್ಟಿದ್ರೆ ಕೈ ಮುರೀತೀನಿ."

"ಅವನ ಕೈ ಮೊದಲು ಮುರೀಬೇಕು ಏಡಮ್ಮ."

"ಆಮೇಲೆ ಮುರಿಯೋಣ. ಮೊದಲು ಟೀ ಕುಡಿ."

ಗಾಯ ಮಾಯ್ದ ಮೇಲೆ ಏಡಾ ಅಡುಗೆಮನೆಯ ಕೊಕ್ಕೆಗೆ ದಾರ ಕಟ್ಟಿ, ತನ್ನ ಹಳೆಯ ಕಾರ್ನೆಟ್ಟನ್ನು ಅದಕ್ಕೆ ನೇತುಹಾಕಿದಳು. ಕೈ ಬೆನ್ನ ಹಿಂದೆ ಕಟ್ಟಿಕೊಂಡು ಊದಬೇಕು. ಸ್ವಲ್ಪ ಒತ್ತಿದರೂ ಕಾರ್ನೆಟ್ ತೂಗಿ ದೂರ ಸರಿಯುತ್ತಿತ್ತು. ವಿನಿ ಅದಕ್ಕೂ ಬೈದಳು, ಕೊಕ್ಕೆಗೂ ಬೈದಳು.

"ಬಾಯಿಯ ಎರಡು ಮೂಲೆ ಬಿಗಿ ಹಿಡಿ. ನಡುವೆ ಸಡಿಲ ಬಿಡು, ಅಲ್ಲಿ ತುಟಿ ಅದುರಬೇಕು," ಏಡಾ ಹೇಳಿಕೊಟ್ಟಳು. "ಮೇಲೆ ಹೋಗೋವಾಗ ಮನಸ್ಸಲ್ಲೇ 'ಈ' ಅನ್ನು, ನಾಲಗೆ ತಾನೇ ಏಳುತ್ತೆ. ಮಿಕ್ಕಿದ್ದೆಲ್ಲ ಉಸಿರಿನ ಕೆಲಸ. ಆ ಸಿಟ್ಟನ್ನ ಹೊಟ್ಟೇಲಿ ಇಟ್ಕೋ, ತುಟಿಗೆ ತರಬೇಡ."

ಚಳಿಗಾಲವೆಲ್ಲ ಬರೀ ಕೆಳಗಿನ ಸ್ವರಗಳು, ಮೆಲ್ಲಗೆ, ಉದ್ದಕ್ಕೆ. ಕೆಳಗಿನದು ಗಟ್ಟಿಯಾದಷ್ಟೇ ಮೇಲಕ್ಕೆ ಒಂದೊಂದು ಮೆಟ್ಟಿಲು. ತುಟಿ ದಣಿದ ಕೂಡಲೇ ಏಡಾ ಕಾರ್ನೆಟ್ ಕಿತ್ತುಕೊಳ್ಳುತ್ತಿದ್ದಳು. ಬ್ಯಾಂಡಿನ ಹಿಂದಿನ ಸಾಲಿನಲ್ಲಿ ಕೂತ ವಿನಿ ಏಡಾಳ ಪಾಠದ ಗುಟ್ಟು ಬಿಡಲಿಲ್ಲ. ಡೆಸ್ಮಂಡ್ ಮುಖ ಬೀಟ್‌ರೂಟ್ ಮಾಡಿಕೊಂಡು ಒತ್ತುವುದನ್ನು ನೋಡಿ ಹಲ್ಲು ಕಚ್ಚುತ್ತಿದ್ದಳು.

ಬೇಸಗೆಯ ಮೊದಲಲ್ಲಿ ವಿಟ್ ಶುಕ್ರವಾರದ ಹಬ್ಬ ಬಂತು. ಅಂದು ಬ್ಯಾಂಡುಗಳೆಲ್ಲ ಬಸ್ಸು ಹತ್ತಿ ಗುಡ್ಡದ ಹಳ್ಳಿಯಿಂದ ಹಳ್ಳಿಗೆ ಓಡುತ್ತವೆ. ಪ್ರತಿ ಹಳ್ಳಿಯಲ್ಲೂ ಪರದೆಯ ಹಿಂದೆ ಕೂತ ತೀರ್ಪುಗಾರನಿಗೆ ಊದಬೇಕು. ಸಂಜೆಯ ಹೊತ್ತಿಗೆ ಡೆಸ್ಮಂಡ್‌ನ ತುಟಿ ಊದಿ ಬನ್ನಿನಂತಾಗಿತ್ತು. ಬಸ್ಸಿನ ಮೆಟ್ಟಿಲ ಮೇಲೆ ಕೂತು ಕರವಸ್ತ್ರಕ್ಕೆ ರಕ್ತ ಉಗುಳಿದ.

"ವಿನೀ, ಸೊಪ್ರಾನೊ ತಗೋ," ಎಂದ ಬಿನ್ಸ್, ಬೇರೆತ್ತಲೋ ನೋಡುತ್ತ.

"ಮುಖ ನೋಡಿ ಕೇಳಿ ಮೇಷ್ಟ್ರೇ. ಬೈದಿದ್ದು ಎಲ್ಲರೆದುರಿಗೆ ತಾನೆ? ಕೇಳೋದೂ ಎಲ್ಲರೆದುರಿಗೇ ಆಗ್ಲಿ."

ಬಿನ್ಸ್ ಅವಳತ್ತ ತಿರುಗಿದ. "ದಯವಿಟ್ಟು."

ಅವಳು ಊದಿದಳು. ಮೇಲಿನ ಸ್ವರ ಓಣಿಯ ಕಲ್ಲುಗೋಡೆಗಳ ಮೇಲಿಂದ ನುಣ್ಣಗೆ ಹಾದುಹೋಯಿತು. ಬಿಯರ್ ಲೋಟ ಹಿಡಿದು ನಿಂತಿದ್ದ ಗಂಡಸರು ಕುಡಿಯುವುದನ್ನೇ ಮರೆತರು. ಆ ಹಳ್ಳಿಯ ಕಪ್ ಅವರ ಪಾಲಾಯಿತು. ಬಿನ್ಸ್ ಅದನ್ನು ಎತ್ತಿ ಹಿಡಿದು ಬೀಗಿದ. "ನೋಡಿದ್ರಾ? ಒತ್ತು ಒತ್ತು ಅಂತ ಬಡ್ಕೊಂಡಿದ್ದು ನಾನೇ. ಈಗ ಫಲ ಕೊಡ್ತು!"

ವಿನಿ ಸಾಲು ಬಿಟ್ಟು ಬಂದಳು. ಅವನ ಮುಖದ ಹತ್ತಿರ ಹೋಗಿ, ತುಟಿ ಮಗುಚಿ ಬೆಳ್ಳನೆಯ ಕಲೆ ತೋರಿಸಿದಳು. "ಇದು ನೀವು ಕಲಿಸಿದ್ದು. ಮೆಟ್ಟಿಲ ಮೇಲೆ ರಕ್ತ ಉಗುಳ್ತಿದಾನಲ್ಲ, ಅದೂ ನೀವು ಕಲಿಸಿದ್ದೇ. ಈಗ ಕೇಳಿದ್ರಲ್ಲ, ಅದನ್ನ ಕಲಿಸಿದವಳು ಏಡಾ ಟಾರ್ಡಾಫ್. ಆ ಹೆಸರು ಹೇಳಿ. ಇಲ್ಲಾಂದ್ರೆ ಆ ಕಪ್ಪಿನೊಳಗೇ ನಿಮ್ಮ ತಲೆ ತುರುಕ್ತೀನಿ!"

ಹೆಸರು ಬಿನ್ಸ್‌ನ ಬಾಯಿಂದ ಹೊರಡಲಿಲ್ಲ. ಮೇಷ್ಟರಿಗೆ ಎದುರು ಮಾತಾಡಿದಳೆಂದು ಬ್ಯಾಂಡಿನ ಸಮಿತಿ ಅವಳ ಕೋಟು ವಾಪಸು ಕೇಳಿತು. ವಿನಿ ಅದನ್ನು ಸಮಿತಿಯ ಮೇಜಿನ ಮೇಲೆ ಎಸೆದು, ಕಣಿವೆಯಾಚೆಯ ಎದುರಾಳಿ ಬ್ಯಾಂಡಿಗೆ ಹೋದಳು. ಅಲ್ಲಿ ಬಹಳ ವರ್ಷ ಸೊಪ್ರಾನೊ ಊದಿದಳು.

ಬಿನ್ಸ್ ಸತ್ತಾಗ ಸಮಾಧಿಯ ಬಳಿ ಊದಲು ಅವಳನ್ನೂ ಕರೆದರು. ಹೋಗಲಿಲ್ಲ. "ಸತ್ತವರ ಬಗ್ಗೆ ಒಳ್ಳೇದು ಆಡ್ಬೇಕು ವಿನೀ," ಎಂದರು ಪಾದ್ರಿ.

"ಒಳ್ಳೇದು ಸಿಗ್ಲಿಲ್ಲ ಸ್ವಾಮಿ. ಅದಕ್ಕೇ ಬಾಯಿ ಮುಚ್ಕೊಂಡು ಕೂತಿದೀನಿ."

ಮಣ್ಣು ಮಾಡಿದ ವಾರ ಡೆಸ್ಮಂಡ್ ಅವಳ ಬಾಗಿಲಿಗೆ ಬಂದ. ಆ ಹೊತ್ತಿಗೆ ತಲೆ ಬೋಳಾಗಿತ್ತು, ಒತ್ತಿ ಒತ್ತಿ ಮುಂದಿನ ಒಂದು ಹಲ್ಲು ಅಲ್ಲಾಡುತ್ತಿತ್ತು. "ಮಾವ ಇರೋವರೆಗೂ ಬರೋಕಾಗ್ಲಿಲ್ಲ. ನನಗೂ ಹೇಳ್ಕೊಡ್ತೀಯಾ?" ಎಂದ.

ವಿನಿಗೆ ಅವನ ಮೇಲೂ ಸಿಟ್ಟು ಬಂತು. ಇಷ್ಟು ವರ್ಷ ಸುಮ್ಮನಿದ್ದದ್ದಕ್ಕೆ, ಅಂದು ಎಲ್ಲರ ಜೊತೆ ನಕ್ಕಿದ್ದಕ್ಕೆ, ಆ ಹಲ್ಲಿಗೆ. ಬಾಗಿಲಲ್ಲೇ ನಿಲ್ಲಿಸಿ ಬಾಯಿ ಸೋಲುವವರೆಗೂ ಬೈದಳು. ಆಮೇಲೆ ಕೊಕ್ಕೆಗೆ ಕಟ್ಟುವ ದಾರ ಹುಡುಕಲು ಒಳಗೆ ಹೋದಳು.